ನಾನು ಮೂಸಿದ ಚೀಲ

ನನ್ನ ಅವ್ವ ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ಹಳೆಯ ಗೋಣಿಚೀಲ ಹೊಲಿಯುತ್ತಿದ್ದಳು. ಹೀಗೆಂದರೆ ಈಗಿನವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. ಗಂಜಿನಲ್ಲಿ ಮೂಟೆ ಹೊರುವ ಹಮಾಲರು ಅವಳು ಕೂತ ಷೆಡ್ಡಿನ ಮುಂದೆ ಹಾಯುವಾಗ ಬೀಡಿ ಆರಿಸಿಕೊಳ್ಳುತ್ತಿದ್ದರು. ಮರ್ಯಾದೆಗಲ್ಲ, ಅವಳ ಬಾಯಿಗೆ ಹೆದರಿ. ಆ ಬಾಯಿ ನನಗೆ ಪೂರ್ತಿ ಬಂದಿದೆ. ಅವಳ ಮೂಗು ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಅಪ್ಪ ಅದೇ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಎದೆರೋಗದಿಂದ ತೀರಿಹೋದ. ಆಮೇಲೆ ಬ್ರಹ್ಮಪುರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅವ್ವನ ತವರು ಕಮಲಾಪುರ. ಅಲ್ಲಿ ಅವಳ ಅಣ್ಣ, ನನ್ನ ಸೋದರಮಾವ, ಜೋಳ ತೊಗರಿ ಬೆಳೆಯುತ್ತಿದ್ದ. ಬಾವಿಯ ಬಗಲಿಗೆ ಒಂದಿಷ್ಟು ಕೆಂಪು ಬಾಳೆಯೂ ಇತ್ತು. ಕಲಬುರಗಿಗೆ ಬಂದಾಗಲೆಲ್ಲ ಅವನ ಕೈಯಲ್ಲಿ ಒಂದು ಚಿಪ್ಪು ಹಣ್ಣು ಇದ್ದೇ ಇರುತ್ತಿತ್ತು.

ಎಂಬತ್ತರ ದಶಕದ ಆ ದಿನಗಳಲ್ಲಿ ಚೀಲವೆಂದರೆ ಒಂದು ಸಲ ತುಂಬಿ ಬಿಸಾಡುವ ವಸ್ತುವಲ್ಲ. ಕಮಲಾಪುರದ ಹೊಲದಿಂದ ತೊಗರಿ ತುಂಬಿಕೊಂಡು ಗಂಜಿಗೆ ಬರುತ್ತಿತ್ತು. ಗಂಜಿನಿಂದ ದಾಲ್ ಮಿಲ್ಲಿಗೆ, ಮಿಲ್ಲಿನಿಂದ ಬೇಳೆ ಹೊತ್ತು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಿತ್ತು. ಅಲ್ಲಿ ಬರಿದಾಗಿ, ಮಡಿಚಿ ಕಟ್ಟಿಸಿಕೊಂಡು, ತಿರುಗಿ ಬರುವ ಲಾರಿಯ ಮೂಲೆಯಲ್ಲಿ ಕೂತು ಮತ್ತೆ ಗಂಜಿಗೆ ಬಂದು ಇಳಿಯುತ್ತಿತ್ತು. ಹರಿದವಕ್ಕೆ ಅವ್ವನೂ ಅವಳ ಜೊತೆಯ ಎಂಟು ಮಂದಿ ಹೆಂಗಸರೂ ದಬ್ಬಣ ಹಿಡಿದು ತೇಪೆ ಹಾಕುತ್ತಿದ್ದರು. ಒಬ್ಬೊಬ್ಬರ ತೇಪೆ ಒಂದೊಂದು ತರಹ. ಅವ್ವನದು ನಾಲ್ಕು ಮೂಲೆಗೂ ಎರಡೆರಡು ಗಂಟು. ಎಂದೋ ಹೊಲಿದ ಚೀಲ ಊರೂರು ಸುತ್ತಿ ಮತ್ತೆ ಕೈಗೆ ಸಿಕ್ಕರೆ, ತವರಿಗೆ ಬಂದ ಮಗಳನ್ನು ಮಾತಾಡಿಸಿದಂತೆ, “ಬಂದೇನವ್ವಾ? ಎಲ್ಲೆಲ್ಲಿ ತಿರುಗಿ ಬಂದಿ?” ಎನ್ನುತ್ತಿದ್ದಳು. ಏಳೆಂಟು ಸುಗ್ಗಿ ದುಡಿದ ಮೇಲೆ ಅದು ಮಳೆಯಲ್ಲಿ ತಲೆಗೆ ಹೊದೆಯುವ ಕೊಪ್ಪೆಯಾಗುತ್ತಿತ್ತು, ಎತ್ತಿನ ಬೆನ್ನಿಗೆ ಹೊದಿಕೆಯಾಗುತ್ತಿತ್ತು, ಕೊನೆಗೆ ಯಾರದೋ ಬಾಗಿಲಲ್ಲಿ ಕಾಲೊರಸಾಗಿ ಬಿದ್ದಿರುತ್ತಿತ್ತು.

ಆದರೆ ಹೊಲಿಯುವುದು ದೊಡ್ಡ ಕೆಲಸವಲ್ಲ. ಯಾವ ಚೀಲ ಮತ್ತೆ ಕಾಳು ತುಂಬಲು ಯೋಗ್ಯ, ಯಾವುದು ಅಲ್ಲ ಎಂದು ಆರಿಸುವುದೇ ದೊಡ್ಡದು. ಊರೂರು ಸುತ್ತಿ ಬಂದ ಚೀಲ ನಡುವೆ ಏನೇನು ಹೊತ್ತಿದೆಯೋ ಯಾರಿಗೆ ಗೊತ್ತು? ಕೆಲವರು ಅದರಲ್ಲೇ ಗೊಬ್ಬರ ತುಂಬಿರುತ್ತಿದ್ದರು. ಕೆಲವರು ಬೆಳೆಗೆ ಹೊಡೆಯುವ ವಿಷದ ಪೌಡರನ್ನು ಅದರ ಮೇಲೇ ಹರವಿ ಮಣ್ಣಿನ ಜೊತೆ ಬೆರೆಸಿರುತ್ತಿದ್ದರು. ಝಾಡಿಸಿ ಬಿಸಿಲಿಗೆ ಹಾಕಿದರೆ ಕಣ್ಣಿಗೆ ಏನೂ ಕಾಣದು. ಅದನ್ನು ಹಿಡಿಯುವುದು ಮೂಗೊಂದೇ. ಅವ್ವ ಒಂದೊಂದೇ ಚೀಲದ ಬಾಯಿ ಬಿಚ್ಚಿ, ಒಳಗೆ ಮುಖವಿಟ್ಟು, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಪೌಡರಿನ ವಾಸನೆ ಬಂದರೆ ಆ ಕ್ಷಣವೇ ಚೀಲದ ಬಾಯನ್ನು ಅಡ್ಡಡ್ಡ ಕತ್ತರಿಸಿ ಹಾಕುತ್ತಿದ್ದಳು, ಯಾರೂ ಮತ್ತೆ ಅದರಲ್ಲಿ ಕಾಳು ತುಂಬಬಾರದು ಎಂದು. ‘ಆಕಿ ಮೂಸ್ಯಾಳ’ ಎಂದರೆ ಗಂಜಿನಲ್ಲಿ ಮುಂದೆ ಮಾತಿಲ್ಲ. ಸುತ್ತಲ ಹಳ್ಳಿಗಳವರು ಆ ಮಾತಿನ ಮೇಲೆಯೇ ವರ್ಷದ ಜೋಳ ತುಂಬುತ್ತಿದ್ದರು.

ಷೆಡ್ಡಿನ ಬಾಗಿಲಿಗೆ ಒಂದು ಸಾಲು ಮೊಳೆ ಹೊಡೆದಿತ್ತು. ಬೆಳಿಗ್ಗೆ ಹೆಂಗಸರು ಬಂದವರೇ ಮುಡಿಯ ಹೂ ತೆಗೆದು ಮೊಳೆಗೆ ಸಿಕ್ಕಿಸಬೇಕು, ಸಂಜೆ ಹೋಗುವಾಗ ಬಾಡಿದ್ದನ್ನೇ ಮುಡಿದು ಹೋಗಬೇಕು. ಹೂವಿನ ಕಂಪಿದ್ದರೆ ಮೂಗು ಕೆಡುತ್ತದೆ ಎಂದು ಅವ್ವ ಮಾಡಿದ ಕಟ್ಟಳೆ. ವಾಸನೆಯೆಣ್ಣೆ, ಮುಖಕ್ಕೆ ಹಚ್ಚುವ ಪೌಡರು, ಒಂದೂ ಕೂಡದು. ಹೊಸದಾಗಿ ಮದುವೆಯಾದವರು ಸಿಡಿಮಿಡಿ ಮಾಡುತ್ತಿದ್ದರು. ಅವ್ವ ಸೊಪ್ಪು ಹಾಕುತ್ತಿರಲಿಲ್ಲ.

ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಅಲ್ಲೇ ಬಗಲಿನ ದಾಲ್ ಮಿಲ್ಲಿನಲ್ಲಿ ಮಾಲು ಕಳಿಸುವ ವಿಭಾಗದ ಗುಮಾಸ್ತಳಾದೆ. ಯಾವ ಲಾರಿ ಎಲ್ಲಿಗೆ, ಎಷ್ಟು ಚೀಲ, ಯಾವಾಗ ತಲುಪಿತು ಎಂದು ಬರೆದಿಡುವ ಕೆಲಸ. ಷೆಡ್ಡೂ ಆ ಮಿಲ್ಲಿನ ಸಾಹುಕಾರರದೇ. ಕುರ್ಚಿಯ ಮೇಲೆ ಕೂಡುತ್ತೇನೆ ಎಂಬ ಜಂಬ ನನಗೆ ಆಗ ಸ್ವಲ್ಪ ಜಾಸ್ತಿಯೇ ಇತ್ತು.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಮುಂಜಾನೆ ನಾನು ಸ್ನಾನ ಮುಗಿಸಿ ಬಂದರೆ ಮನೆ ತುಂಬ ಹಾಲು ಸೀದ ವಾಸನೆ. ಅವ್ವ ಒಲೆಯ ಬಗಲಿಗೇ ಕೂತು, ಒಲೆಗೆ ಬೆನ್ನು ಹಾಕಿ, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪಾತ್ರೆಯ ತಳ ಕರಿಕಾಗಿತ್ತು. ನಾನು ಚೀರಿದಾಗಲೇ ತಿರುಗಿ ನೋಡಿದಳು. ಅವಳ ಮುಖ ಕಂಡು ಬೈಯುವುದು ಬಿಟ್ಟು ಪಾತ್ರೆ ಇಳಿಸಿದೆ.

“ಎಷ್ಟ ದಿನ ಆತು?” ಎಂದೆ.

“ದೀಪಾವಳಿಯಿಂದ,” ಎಂದಳು ಅವ್ವ. “ಮೊದಲ ನೆಗಡಿ ಅನ್ಕೊಂಡೆ. ಏನೂ ಬರಂಗಿಲ್ಲ ಈಗ. ಸೆಗಣಿ ಒಂದೇ, ಸಂಪಗಿ ಒಂದೇ.”

ಇಪ್ಪತ್ತು ವರ್ಷ ಗೋಣಿಯ ಧೂಳು ಕುಡಿದ ಮೂಗು. ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಒಂದು ಮದ್ದು ಬರೆದುಕೊಟ್ಟರು, ಗುಣವಾಗಲಿಲ್ಲ. ಸಾಹುಕಾರರಿಗೆ ಹೇಳಿಬಿಡು ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅವಳಿಂದ ಆ ಕೆಲಸ ಹೋದರೆ ಅವಳಲ್ಲಿ ಏನು ಉಳಿಯುತ್ತದೆ ಎಂಬ ದಿಗಿಲು ನನಗೆ. ಹಾಗಾಗಿ ನಾನೇ ಒಂದು ದಾರಿ ಹುಡುಕಿದೆ. ದಿನಾ ಆಫೀಸಿಗೆ ಒಂದು ತಾಸು ಮೊದಲೇ ಹೋಗಿ, ಉಳಿದ ಹೆಂಗಸರು ಬರುವುದರೊಳಗೆ, ಆ ದಿನದ ಚೀಲಗಳನ್ನೆಲ್ಲ ನಾನು ಮೂಸಿ ಎರಡು ಗುಂಪು ಮಾಡುವುದು. ಆಮೇಲೆ ಅವ್ವ ಕೂತು ಸುಮ್ಮನೆ ಮೂಸಿದ ಹಾಗೆ ಮಾಡುವುದು. ಅವ್ವ, “ಆತು, ಸ್ವಲ್ಪ ದಿನ ಮಾಡು,” ಎಂದಳು. ಸ್ವಲ್ಪ ದಿನ ಎಂದದ್ದು ಯಾಕೆ ಎಂದು ನಾನು ಕೇಳಲಿಲ್ಲ.

ವಾಸನೆ ಹಿಡಿಯುವುದನ್ನು ಅವಳೇ ಕಲಿಸಿದಳು. ನನ್ನ ಮೂಗು ಅವಳದರಷ್ಟು ಚುರುಕಲ್ಲ, ಆದರೂ ನಡೆಯುತ್ತಿತ್ತು. ಆ ದಿನಗಳಲ್ಲಿ ಮೋಮಿನಪುರದ ಒಬ್ಬ ಹೆಂಗಸು ಷೆಡ್ಡಿಗೆ ಹೊಸದಾಗಿ ಸೇರಿದ್ದಳು. ತೆಳ್ಳನೆಯ ಆಳು, ಮಾತು ಕಮ್ಮಿ. ಯಾವಾಗ ನೋಡಿದರೂ ಅವ್ವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಿದ್ದಳು. ಅವ್ವನ ಕೈಯಲ್ಲಿರುವ ಚೀಲವನ್ನೇ ನೋಡುತ್ತಿದ್ದಳು. ಇವಳು ಗುಟ್ಟು ಹಿಡಿಯಲು ಬಂದಿದ್ದಾಳೆ, ಅವ್ವನ ಜಾಗದ ಮೇಲೆ ಇವಳ ಕಣ್ಣಿದೆ ಎಂದು ನನಗೆ ಖಾತ್ರಿಯಾಗಿತ್ತು.

“ಆಕಿನ್ನ ದೂರ ಕುಂದರಸು,” ಎಂದು ಒಂದು ದಿನ ಅವ್ವನಿಗೆ ಹೇಳಿದೆ.

“ನಿನ್ನ ಮೂಗಿನ ತುದ್ಯಾಗ ಸಿಟ್ಟು ಕುಂತದ,” ಎಂದಳು ಅವ್ವ, “ಬ್ಯಾರೆ ವಾಸನಿ ಹ್ಯಾಂಗ ಬರಬೇಕು?”

ಹಾಗೇ ಒಂದು ಸುಗ್ಗಿ ಕಳೆಯಿತು. ಮರುವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಶುಕ್ರವಾರ, ನನ್ನನ್ನು ನೋಡಲು ಬೀದರ ಕಡೆಯ ಗಂಡಿನವರು ಬರುವುದಿತ್ತು. ಮಧ್ಯಾಹ್ನ ಆಫೀಸಿನಿಂದ ನೇರ ದೊಡ್ಡಮ್ಮನ ಮನೆಗೆ ಹೋಗಬೇಕು. ಅವ್ವ ಮುಂಜಾನೆಯೇ ನನ್ನನ್ನು ಕೂರಿಸಿಕೊಂಡು, ತಲೆ ಬಾಚಿ, ಎರಡು ಮೊಳ ಮಲ್ಲಿಗೆ ಮುಡಿಸಿದಳು. ಇಪ್ಪತ್ತು ವರ್ಷ ಬೇರೆಯವರ ಹೂ ಕೀಳಿಸಿದವಳು ಅಂದು ತನ್ನ ಕೈಯಾರೆ ಮುಡಿಸಿದಳು. ಕಂಪು ಬರದವಳಿಗೆ ಹೂವೆಂದರೆ ಬರೀ ಬಿಳಿ ಬಣ್ಣ, ತನ್ನ ಕಟ್ಟಳೆಯನ್ನೇ ಮರೆತಿದ್ದರೆ ಆಶ್ಚರ್ಯವಿಲ್ಲ. ನಾನು ಮರೆತಿರಲಿಲ್ಲ. ಷೆಡ್ಡಿನ ಬಾಗಿಲಲ್ಲಿ ಮೊಳೆ ಕಂಡಾಗ ಕೈ ಮುಡಿಗೆ ಹೋಯಿತು. ತೆಗೆದರೆ ಬಾಚಿದ ತಲೆ ಕೆಡುತ್ತದೆ, ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಒಳಗೆ ಹೋದೆ.

ಅಂದಿನ ಚೀಲಗಳು ಕಮಲಾಪುರಕ್ಕೆ ಹೋಗುವಂಥವು. ಜೋಳದ ರಾಶಿ ನಡೆದಿತ್ತು, ಮಾವ ಹೇಳಿಕಳಿಸಿದ್ದ. ನನಗೆ ಅವಸರ. ಮಲ್ಲಿಗೆಯ ಕಂಪಿನಲ್ಲೇ ಎಲ್ಲ ಚೀಲ ಮೂಸಿದೆ. ಒಂದೂ ಕೆಟ್ಟದ್ದಿಲ್ಲ ಎಂದು ಅವ್ವನಿಗೆ ಹೇಳಿ ಎದ್ದುಹೋದೆ. ಆ ಸಂಬಂಧವೂ ಕೂಡಿಬರಲಿಲ್ಲ. ಹುಡುಗಿಗೆ ಬಾಯಿ ಜಾಸ್ತಿ ಎಂದರಂತೆ.

ಎರಡು ತಿಂಗಳಾದ ಮೇಲೆ ಮಾವ ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಬಂದ. ಎಂದಿನಂತೆ ಷೆಡ್ಡಿಗೆ ಹೋಗದೆ ನನ್ನ ಆಫೀಸಿಗೆ ಬಂದು, ಹೊರಗೆ ಬಾ ಎಂದು ಸನ್ನೆ ಮಾಡಿದ. ಒಂದು ಕೈಯಲ್ಲಿ ಕೆಂಪು ಬಾಳೆಯ ಚಿಪ್ಪು. ಇನ್ನೊಂದು ಕಂಕುಳಲ್ಲಿ ಮಡಿಚಿದ ಒಂದು ಗೋಣಿಚೀಲ.

“ವಾಸನಿ ನೋಡು,” ಎಂದ.

ನೋಡಿದೆ. ಪೌಡರು. ಒಗೆದು ಒಣಗಿಸಿದ ಗೋಣಿಯ ನಾರಿನೊಳಗೆ ಅಡಗಿ ಕೂತಿತ್ತು, ಆದರೂ ಸಂಶಯಕ್ಕೆ ಎಡೆಯಿರಲಿಲ್ಲ. ಚೀಲದ ನಡುವೆ ನಾಲ್ಕು ಮೂಲೆಗೂ ಎರಡೆರಡು ಗಂಟಿನ ತೇಪೆ.

“ನಿಮ್ಮತ್ತಿ ರೊಟ್ಟಿ ಬಡದ್ಲು,” ಎಂದು ಮಾವ ಮೆಲ್ಲಗೆ ಹೇಳಿದ. “ಹಂಚಿನ ಮ್ಯಾಲ ಹಾಕಿದ ಕೂಡ್ಲೇ ಏನೋ ವಾಸನಿ ಎದ್ದದ. ಹಿಟ್ಟು ಹಳತಾಗ್ಯಾದ ಅನ್ಕೊಂಡು ಮೊದಲ ತಾನೇ ತಿಂದಾಳ. ಮೂರು ದಿನ ದವಾಖಾನ್ಯಾಗ ಇದ್ಲು. ಈಗ ಎದ್ದು ಕುಂತಾಳ, ಆದ್ರ ಕೈ ನಡಗತಾವ.”

“ಜ್ವಾಳ?”

“ಕುಣಿ ತೋಡಿ ಮುಚ್ಚೀನಿ.” ಮಾವ ತೇಪೆಯ ಮೇಲೆ ಬೆರಳಿಟ್ಟ. “ಈ ಹೊಲಿಗಿ ಯಾರದು ನನಗ ಗೊತ್ತದ. ಹೋದ ಸಲ ಹಣ್ಣು ತಂದಾಗ ಕೊಳೆತಿದ್ದನ್ನೂ ಆಕಿ ಚಲೋ ಅದ ಅಂತ ತಗೊಂಡ್ಲು. ಆಗೇ ನನಗ ಅನಮಾನ ಬಂದಿತ್ತು. ಆಕಿ ಮೂಗ ಹೋಗ್ಯಾದ, ಹೌದಿಲ್ಲೋ?”

ಅವನು ಕೇಳಿದ್ದಕ್ಕೆ ಉತ್ತರ ಹೌದು ಎಂದೇ. “ಹೌದು ಮಾವ,” ಎಂದೆ. ಆದರೆ ಆ ಚೀಲ ಮೂಸಿದ್ದು ಯಾರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ಮೊಳ ಮಲ್ಲಿಗೆಯ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಜೀವಮಾನದಲ್ಲಿ ಯಾರಿಗೂ ಹೆದರಿ ಬಾಯಿ ಮುಚ್ಚದವಳು ನಾನು. ಅಂದು ಮುಚ್ಚಿದೆ.

“ನನ್ನ ಮನ್ಯಾಗ ಆಗ್ಯಾದ, ನಾ ನುಂಗತೀನಿ,” ಎಂದ ಮಾವ. “ನಾಳಿ ಯಾರದರೆ ಮನ್ಯಾಗ ಆದ್ರ? ಕೂಸಿನ ಬಾಯಾಗ ಹೋದ್ರ? ಆಕಿಗಿ ಇದು ತಿಳೀಬಾರದು, ತಿಳಿದ್ರ ಆಕಿ ಅನ್ನ ಬಿಡ್ತಾಳ. ಆದ್ರ ಹ್ಯಾಂಗರೆ ಮಾಡಿ ನಿಲ್ಲಸು.”

ಆಮೇಲೆ ಷೆಡ್ಡಿಗೆ ಹೋಗಿ, ತಂಗಿಯ ಕೈಯಲ್ಲಿ ಬಾಳೆಹಣ್ಣು ಕೊಟ್ಟು, ನಗುನಗುತ್ತ ಮಾತಾಡಿ, ಊಟದ ಹೊತ್ತಿನ ಬಸ್ಸಿಗೆ ಹೋದ. ಚೀಲವನ್ನು ನನ್ನ ಬಳಿ ಬಿಟ್ಟಿದ್ದ. ನಾನು ಅದರ ಬಾಯಿ ಕತ್ತರಿಸಿ ಒಲೆಗೆ ಹಾಕಿದೆ.

ಅತ್ತ ದರಿ, ಇತ್ತ ಪುಲಿ. ಅವ್ವನ ಮೂಗಿನ ಸುದ್ದಿ ಸಾಹುಕಾರರಿಗೆ ಹೇಳಿದರೆ ಗಂಜಿನ ತುಂಬ ಹಬ್ಬುತ್ತದೆ, ಅವಳ ಇಪ್ಪತ್ತು ವರ್ಷದ ಮಾತು ಒಂದು ದಿನಕ್ಕೆ ಮಣ್ಣಾಗುತ್ತದೆ. ಹೇಳದಿದ್ದರೆ ಇನ್ನೊಂದು ಮನೆಯ ರೊಟ್ಟಿ. ಮೂರನೆಯ ದಾರಿಯೂ ಇತ್ತು. ತಪ್ಪು ನನ್ನದು, ಇನ್ನು ಮೇಲೆ ಬೇರೆ ಯಾರಾದರೂ ಮೂಸಲಿ ಎನ್ನುವುದು. ಅದಕ್ಕೆ ಬೇಕಾದ ಧೈರ್ಯ ನನಗಿರಲಿಲ್ಲ.

ಆಗ ಕೆಲವು ತಿಂಗಳಿಂದ ಸಾಹುಕಾರರ ಆಫೀಸಿನ ಗೋಡೆಗೆ ಒಂದು ಪ್ಲಾಸ್ಟಿಕ್ ಚೀಲ ತೂಗಾಡುತ್ತಿತ್ತು. ಬಿಳಿ ಬಣ್ಣದ್ದು, ಮೇಲೆ ತೊಗರಿ ಬೇಳೆಯ ಚಿತ್ರ. ಯಾರೋ ಏಜೆಂಟ್ ನಮೂನೆಗೆಂದು ಬಿಟ್ಟುಹೋದದ್ದು. ಒಂದು ಸೋಮವಾರ ಸಾಹುಕಾರರು ಅದನ್ನು ತೋರಿಸಿ ನನ್ನನ್ನು ಕೇಳಿದರು.

“ನೀ ಏನಂತಿ? ದೂರದ ಗಿರಾಕಿಗಳೆಲ್ಲ ಇದನ್ನೇ ಕೇಳಾಕತ್ತಾರ. ಆದ್ರ ನಿಮ್ಮವ್ವ ಇರೋತನ ಗೋಣಿ ಬಿಡಲಿಕ್ಕ ನನಗ ಮನಸಿಲ್ಲ.”

“ಇದನ್ನೇ ತರಸ್ರಿ,” ಎಂದೆ. “ಹಳೇ ಚೀಲದ ಕಾಲ ಮುಗೀತು.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮಗಳೇ ಹೇಳಿದ ಮೇಲೆ ಇನ್ನೇನು ಎಂದುಕೊಂಡರೋ ಏನೋ. ಕಾರಹುಣ್ಣಿಮೆ ಬರುವುದರೊಳಗೆ ಷೆಡ್ಡು ಮುಚ್ಚಿತು. ಹತ್ತು ಹೆಂಗಸರಿಗೂ ಒಂದೊಂದು ಸೀರೆ, ಒಂದಿಷ್ಟು ಬೇಳೆ ಕೊಟ್ಟು ಕೈ ಮುಗಿದರು. ಕೆಟ್ಟ ಮನುಷ್ಯರಲ್ಲ ಅವರು. ಕೆಲಸ ಹೋದ ಸಂಜೆ ಅವ್ವ ಮೊಳೆಗಳ ಸಾಲಿನ ಮುಂದೆ ನಿಂತು ಪ್ರತಿಯೊಬ್ಬಳ ಮುಡಿಗೂ ತಾನೇ ಹೂ ಸಿಕ್ಕಿಸಿ ಕಳಿಸಿದಳು. ಮೋಮಿನಪುರದವಳು ಅವ್ವನ ಕೈ ಬಿಡದೆ, “ಅಬ್ ಕ್ಯಾ ಕರನಾ ಅಮ್ಮಾ, ಇನ್ನ ಏನ್ ಮಾಡ್ಲಿ, ನಾ ಎಲ್ಲಿ ಹೋಗಲಿ?” ಎಂದು ಅತ್ತಳು. ನಾಟಕ ಎಂದು ನಾನು ಮುಖ ತಿರುಗಿಸಿದೆ.

“ಸಾಹುಕಾರ ಒಮ್ಮಿಗೇ ಹ್ಯಾಂಗ ಮನಸ್ಸು ಮಾಡಿದ?” ಎಂದು ಅವ್ವ ಮನೆಯಲ್ಲಿ ಎಷ್ಟೋ ಸಲ ಕೇಳಿದಳು. “ನೀ ಅಲ್ಲೇ ಇದ್ದಿ. ಏನರೆ ಅಂದಿದ್ನಾ?”

“ನನಗೇನ ಗೊತ್ತು?” ಎನ್ನುತ್ತಿದ್ದೆ.

ಪ್ಲಾಸ್ಟಿಕ್ ಚೀಲಗಳು ಬಂದವು. ಹಮಾಲರ ಕೊಂಡಿ ತಾಗಿದರೆ ಸೀಳುತ್ತಿದ್ದವು, ಒಟ್ಟಿದರೆ ಜಾರುತ್ತಿದ್ದವು, ಮಳೆಗಾಲದಲ್ಲಿ ಒಳಗಿನ ಬೇಳೆ ಬೆವರುತ್ತಿತ್ತು. ಹೋದದ್ದು ಹೋಯಿತು, ಒಂದೂ ಹಿಂದಕ್ಕೆ ಬರುತ್ತಿರಲಿಲ್ಲ. ನನ್ನ ವಹಿಯಲ್ಲಿ ‘ಖಾಲಿ ಚೀಲ ವಾಪಸು’ ಎಂಬ ಕಾಲಮ್ಮು ಬಿಳಿಯಾಗಿಯೇ ಉಳಿಯಿತು, ಕೊನೆಗೆ ಹೊಸ ವಹಿಯಲ್ಲಿ ಅದನ್ನು ಅಚ್ಚು ಹಾಕಿಸುವುದನ್ನೇ ಬಿಟ್ಟರು. ಹರಿದವು ಗಂಜಿನ ಹಿಂದಿನ ಗಟಾರದಲ್ಲಿ ತುಂಬಿಕೊಂಡವು. ಬೇಸಿಗೆಯಲ್ಲಿ ಅವಕ್ಕೆ ಬೆಂಕಿ ಹಾಕುತ್ತಿದ್ದರು. ಬ್ರಹ್ಮಪುರದವರೆಗೂ ಆ ಹೊಗೆ ಬರುತ್ತಿತ್ತು. ನಾನು ಸೆರಗು ಮೂಗಿಗೆ ಹಿಡಿದರೆ ಅವ್ವ, “ಏನಾತು?” ಎಂದು ಕೇಳುತ್ತಿದ್ದಳು.

ಒಂದು ಸಲ ಹರಿದ ಪ್ಲಾಸ್ಟಿಕ್ ಚೀಲ ತಂದುಕೊಡು ಎಂದು ಹಟ ಹಿಡಿದಳು. ತಂದುಕೊಟ್ಟೆ. ದಬ್ಬಣ ಹಾಕಿದಲ್ಲೆಲ್ಲ ಅದು ಇನ್ನಷ್ಟು ಸೀಳಿತು. ಮಧ್ಯಾಹ್ನದ ತನಕ ಅದರ ಜೊತೆ ಗುದ್ದಾಡಿ, “ಇದು ಹೊಲಿಗಿ ಹಿಡಿಯಂಗಿಲ್ಲ,” ಎಂದು ಬದಿಗಿಟ್ಟಳು. ಮತ್ತೆ ದಬ್ಬಣ ಮುಟ್ಟಲಿಲ್ಲ. ಜೊತೆಯ ಹೆಂಗಸರು ಚದುರಿಹೋದರು. ಇಬ್ಬರು ಗಂಡಂದಿರ ಜೊತೆ ಪುಣೆಗೆ ಕಲ್ಲು ಮಣ್ಣಿನ ಕೆಲಸಕ್ಕೆ ಹೋದರು. ಮೋಮಿನಪುರದವಳು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಾಳೆ ಎಂದು ಕೇಳಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ನಮ್ಮ ಮಿಲ್ಲಿನಲ್ಲಿ ಒಂದು ತರಬೇತಿ ನಡೆಯಿತು. ಹೊರಗಿನಿಂದ ಬಂದ ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು, ಮುಂದಿನ ಕಾಲದ ಸಾಗಣೆ ಹೇಗಿರಬೇಕು ಎಂದು ಪಾಠ ಹೇಳಿದರು. ಕಸ ಕಮ್ಮಿಯಾಗಬೇಕಾದರೆ ಚೀಲ, ಡಬ್ಬಿ ಎಲ್ಲವೂ ಹೋದಲ್ಲಿಂದ ಹಿಂದಕ್ಕೆ ಬರಬೇಕು, ಮತ್ತೆ ಮತ್ತೆ ಬಳಕೆಯಾಗಬೇಕು, ಇದೊಂದು ಹೊಸ ವಿಚಾರ ಎಂದರು. ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ಹಳೆಯ ಹಮಾಲರು ನನ್ನ ಕಡೆ ತಿರುಗಿ ನೋಡಿದರು.

ನಾನು ಎದ್ದು ನಿಂತು, “ಹಿಂದಕ್ಕ ಬಂದದ್ದರಾಗ ನಡುವ ಏನ್ ತುಂಬಿದ್ರು ಅಂತ ಹ್ಯಾಂಗ ಗೊತ್ತಾಗಬೇಕ್ರಿ?” ಎಂದು ಕೇಳಿದೆ.

“ಅದೇ ದೊಡ್ಡ ಸವಾಲು ಮೇಡಂ,” ಎಂದರು ಅವರು. “ಅದಕ್ಕೆ ಒಂದು ನಂಬಿಕೆಯ ವ್ಯವಸ್ಥೆ ಕಟ್ಟಬೇಕು.”

ಆ ಸಂಜೆ ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಹೇಳಿದೆ. ಆಗ ಅವಳು ಹಾಸಿಗೆ ಹಿಡಿದಿದ್ದಳು, ಆದರೂ ನಗು ಬಂತು.

“ನಂಬಿಕಿ ಬೇಕಂದ್ರ ಮೋಮಿನಪುರಕ್ಕ ಹೋಗಂತ ಹೇಳು ಅವಂಗ,” ಎಂದಳು. “ಆಕಿನ್ನ ನಾ ತಯಾರ ಮಾಡಿದ್ದೆ. ನನ್ನಕಿಂತ ಚುರುಕ ಮೂಗು ಆಕಿದು. ಆ ಸುಗ್ಗಿ ಮುಗದ ಮ್ಯಾಲ ಸಾಹುಕಾರಗ ನಾನೇ ಹೇಳಾಕಿ ಇದ್ದೆ, ನನ್ನ ಮೂಗ ಹೋಗ್ಯಾದ, ಇನ್ನ ಮ್ಯಾಲ ಈಕಿ ಮೂಸ್ತಾಳ ಅಂತ. ಅಷ್ಟರಾಗ ಷೆಡ್ಡೇ ಹೋತು.”

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. “ನನಗ್ಯಾಕ ಹೇಳಲಿಲ್ಲ?”

“ನಿನಗ ಹೇಳಿದ್ರ ಆಕಿ ಜೋಡಿ ಜಗಳ ತೆಗೀತಿದ್ದಿ. ದಿನಾ ಮಧ್ಯಾಹ್ನ ನೀ ಮೂಸಿಟ್ಟ ಚೀಲ ಆಕಿ ಕಡಿಂದ ಮತ್ತೊಮ್ಮಿ ಮೂಸಸ್ತಿದ್ದೆ, ಕಲೀಲಿ ಅಂತ.” ಅವ್ವ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ಒಂದ ಸಲ ಅಷ್ಟೇ ತಪ್ಪಿದ್ಲು. ನಿನ್ನ ನೋಡಲಿಕ್ಕ ಬೀದರದವರು ಬಂದಿದ್ರಲ್ಲ, ಆವತ್ತು. ಕಮಲಾಪುರಕ್ಕ ಹೋಗೋ ಚೀಲದಾಗ ಒಂದನ್ನ ತೆಗೆದು ಇದರಾಗ ಪೌಡರ್ ಅದ ಅಂದ್ಲು. ಕತ್ತರಿನೂ ಹಿಡಿದಿದ್ಲು. ನಾ ಬಿಡಲಿಲ್ಲ. ನನ್ನ ಮಗಳು ಮೂಸ್ಯಾಳ, ಸುಮ್ನ ತಿರುಗಿ ಹಾಕು ಅಂತ ಆಕಿ ಕಿವ್ಯಾಗ ಅಂದೆ. ಮತ್ತ ಮತ್ತ ಅದನ್ನೇ ಅಂದ್ಲು, ಸಿಟ್ಟು ಬಂತು, ಎಲ್ಲಾರ ಮುಂದ ಬೈದೆ. ಅತ್ತಳು, ಪಾಪ.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅವ್ವನ ಮುಖದಲ್ಲಿ ಆಗ ಇದ್ದದ್ದು ನನ್ನ ಬಗೆಗಿನ ಹೆಮ್ಮೆ. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ನೋಡಿದೆ. ಕಮಲಾಪುರದಲ್ಲಿ ಅತ್ತೆ ಕೈ ನಡುಗಿಸಿಕೊಂಡೇ ಎರಡು ವರ್ಷದ ಹಿಂದೆ ತೀರಿಹೋಗಿದ್ದಳು. ಅವಳಿಗೆ ಪಾರ್ಶ್ವವಾಯು ಹೊಡೆದಿತ್ತು ಎಂದು ಅವ್ವ ತಿಳಿದಿದ್ದಳು.

“ಆಕಿ ಎಲ್ಲರೆ ಸಿಕ್ಕರ ಹೇಳು,” ಎಂದಳು ಅವ್ವ. “ಬೈದದ್ದು ಮನಸಿನ್ಯಾಗ ಇಟಗೋಬ್ಯಾಡ ಅಂತ. ಕಲಿಯೋರು ಒಂದ ಸಲ ತಪ್ಪತಾರ, ಅದಕ್ಕೇನು.”

ಹೇಳುತ್ತೇನೆ ಎಂದೆ. ಆ ಮಳೆಗಾಲದಲ್ಲಿ ಅವ್ವ ಹೋದಳು. ಮೋಮಿನಪುರದ ಆ ಓಣಿ ನನಗೆ ಗೊತ್ತು, ಮನೆಯೂ ಗೊತ್ತು, ಬ್ರಹ್ಮಪುರದಿಂದ ನಡೆದು ಹೋಗುವಷ್ಟೇ ದೂರ. ಇನ್ನೂ ಹೋಗಿಲ್ಲ.